ಮಣ್ಣಗುಡ್ಡದ ನೀರಿನ ಟ್ಯಾಂಕ್ ಮೇಲೆ ಕೂರುವ ಆ ದೊಡ್ಡ ಹಕ್ಕಿ ಯಾವುದು?

ಪ್ರಶ್ನೆ: ಮಂಗಳೂರಿನ ಮಣ್ಣಗುಡ್ಡದಲ್ಲಿ ಏಳನೇ ಮಹಡಿಯಲ್ಲಿ ನಮ್ಮ ಮನೆ. ಡಿಸೆಂಬರಿನಿಂದ ಒಂದು ದೊಡ್ಡ ಹಕ್ಕಿ ಆಗಾಗ ನಮ್ಮ ಬಿ ಬ್ಲಾಕಿನ ನೀರಿನ ಟ್ಯಾಂಕ್ ಮೇಲೆ ಬಂದು ಕೂರುತ್ತಿದೆ. ಮೈ ಕಂದು, ತಲೆ ಮಾಸಲು ಬಿಳಿ. ಕಾಗೆಗಳೆಲ್ಲ ಸೇರಿ ಗಲಾಟೆ ಎಬ್ಬಿಸುತ್ತವೆ, ಅವು ಅದರ ಮುಂದೆ ಪುಟ್ಟದಾಗಿ ಕಾಣುತ್ತವೆ. ಒಮ್ಮೆ ಕಾಲಿನಲ್ಲಿ ಹಾವಿನಂಥದ್ದು ನೇತಾಡುತ್ತಿತ್ತು. ಹಾರುವಾಗ ಬಾತುಕೋಳಿ ಕೂಗಿದ ಹಾಗೆ ಸದ್ದು ಮಾಡಿತು. ಪಕ್ಕದ ಮನೆಯವರು ಗರುಡ ಅಂತಾರೆ, ವಾಟ್ಸಾಪ್ ಗುಂಪಿನಲ್ಲಿ ರಣಹದ್ದು ಅಂದರು, ಮಗನ ಫೋನಿನ ಆ್ಯಪ್ ಸ್ಟೆಪ್ಪಿ ಈಗಲ್ ಅಂದಿತು. ಎರಡು ಮಸುಕು ಫೋಟೊ ಕಳಿಸಿದ್ದೇನೆ. ಮನೆಯಲ್ಲಿ ಬೆಕ್ಕಿದೆ, ಅಪಾಯ ಇದೆಯಾ? ಟ್ಯಾಂಕ್ ಮೇಲೆ ಮೀನಿನ ಮುಳ್ಳು ಬೀಳುತ್ತಿದೆ ಅಂತ ಅಸೋಸಿಯೇಷನ್‌ನವರು ಪಟಾಕಿ ಸಿಡಿಸಿ ಓಡಿಸುವ ಮಾತಾಡುತ್ತಿದ್ದಾರೆ. ಏನು ಮಾಡುವುದು?

ಉತ್ತರ: ಮೊದಲು ಹೆಸರು ಹೇಳಿಬಿಡುತ್ತೇನೆ, ಕಾರಣ ಆಮೇಲೆ. ನಿಮ್ಮ ಟ್ಯಾಂಕ್ ಮೇಲೆ ಕೂರುವುದು ಬಿಳಿ ಹೊಟ್ಟೆಯ ಕಡಲ ಹದ್ದು. ಪಕ್ಷಿ ನೋಡುವವರು ವೈಟ್ ಬೆಲ್ಲೀಡ್ ಸೀ ಈಗಲ್ ಅನ್ನುತ್ತಾರಲ್ಲ, ಅದೇ. ಆದರೆ ಇದು ಇನ್ನೂ ಪೂರ್ತಿ ಬೆಳೆದಿಲ್ಲ. ಗೂಡು ಬಿಟ್ಟು ಒಂಟಿಯಾಗಿ ಅಲೆಯುತ್ತಿರುವ ಎಳೆಯ ಹಕ್ಕಿ. ಅದಕ್ಕೇ ಹೆಸರಿನಲ್ಲಿರುವ ಬಿಳಿ ಹೊಟ್ಟೆ ನಿಮಗೆ ಕಾಣಲಿಲ್ಲ, ಅದಕ್ಕೇ ಮೂರು ಜನ ಮೂರು ಹೆಸರು ಹೇಳಿದರು.

ಎಲ್ಲರೂ ಬಣ್ಣ ನೋಡಿದರು, ಗೊಂದಲ ಅಲ್ಲಿಂದ ಶುರುವಾಯಿತು. ಬೇಟೆ ಹಕ್ಕಿಗಳನ್ನು ಬಣ್ಣ ನೋಡಿ ಗುರುತಿಸಲು ಹೋದರೆ ತಲೆ ಕೆಡುತ್ತದೆ. ಎಳೆಯದಕ್ಕೆ ಒಂದು ಬಣ್ಣ, ಬೆಳೆದದ್ದಕ್ಕೆ ಇನ್ನೊಂದು, ನಡುವಿನ ವರ್ಷಗಳಲ್ಲಿ ಎರಡೂ ಅಲ್ಲದ ತೇಪೆ ತೇಪೆ ಬಣ್ಣ. ಅದರ ಮೇಲೆ ಮಧ್ಯಾಹ್ನದ ಆಕಾಶಕ್ಕೆ ಎದುರಾಗಿ ಹಾರಿದರೆ ಬಿಳಿ ಹಕ್ಕಿಯೂ ಕಪ್ಪಾಗಿಯೇ ಕಾಣುತ್ತದೆ. ಬೆಳೆದ ಕಡಲ ಹದ್ದಿಗೆ ತಲೆ, ಎದೆ, ಹೊಟ್ಟೆ, ಬಾಲದ ತುದಿ ಎಲ್ಲ ಅಚ್ಚ ಬಿಳಿ, ಬೆನ್ನು ಬೂದು, ಕೆಳಗಿಂದ ನೋಡಿದರೆ ರೆಕ್ಕೆಯ ಹಿಂದಿನ ಅರ್ಧ ಕಪ್ಪು. ಅಷ್ಟು ಸ್ಪಷ್ಟವಾದ ಹಕ್ಕಿಯನ್ನು ಯಾರೂ ತಪ್ಪು ಗುರುತಿಸುವುದಿಲ್ಲ. ಆದರೆ ಆ ಬಿಳಿ ಪೂರ್ತಿ ಬರಲು ನಾಲ್ಕೈದು ವರ್ಷ ಬೇಕು. ಅಲ್ಲಿಯವರೆಗೆ ಕಂದು ಮೈ, ಮಾಸಲು ತಲೆ, ಎದೆಗೆ ಅಡ್ಡಲಾಗಿ ಸ್ವಲ್ಪ ಗಾಢ ಬಣ್ಣ. ನಿಮ್ಮ ಮೊದಲ ಫೋಟೊದಲ್ಲಿ ಇರುವುದು ಇದೇ ವೇಷ.

ಹಾಗಾದರೆ ಏನು ನೋಡಬೇಕು? ಮೊದಲು ಕಾಗೆ. ತಮಾಷೆಗೆ ಹೇಳುತ್ತಿಲ್ಲ. ಒಂಟಿ ಹಕ್ಕಿ ಎಷ್ಟು ದೊಡ್ಡದು ಅಂತ ಬರಿಗಣ್ಣಿನಿಂದ ಹೇಳುವುದು ಯಾರಿಗೂ ಸುಲಭವಲ್ಲ, "ಮೂರಡಿ ಇತ್ತು, ನಾಲ್ಕಡಿ ಇತ್ತು" ಅನ್ನುವ ಲೆಕ್ಕವನ್ನು ನಾನು ನಂಬುವುದೂ ಇಲ್ಲ. ಆದರೆ ನಮ್ಮೂರಿನಲ್ಲಿ ಹದ್ದು ಕೂತ ಎರಡು ನಿಮಿಷಕ್ಕೆ ಕಾಗೆಗಳು ಹಾಜರ್, ಅಳತೆಗೋಲು ತಾನಾಗೇ ಬಂದ ಹಾಗೆ. ಊರ ಕಾಗೆ ಕೊಕ್ಕಿನಿಂದ ಬಾಲದ ತುದಿಗೆ ಸುಮಾರು 40 ಸೆಂಟಿಮೀಟರ್, ರೆಕ್ಕೆ ಬಿಚ್ಚಿದರೆ 80ರ ಆಸುಪಾಸು. ದಕ್ಕೆಯಲ್ಲಿ, ಅಂದರೆ ಮೀನು ಬಂದರಿನಲ್ಲಿ, ಮೀನಿಗೆ ಮುಗಿಬೀಳುವ ಕಂದು ಹದ್ದಿನ (ಬ್ಲ್ಯಾಕ್ ಕೈಟ್) ರೆಕ್ಕೆ ಸುಮಾರು ಒಂದೂವರೆ ಮೀಟರ್. ಗರುಡ (ಬ್ರಾಹ್ಮಿಣಿ ಕೈಟ್) ಅದಕ್ಕಿಂತ ಚಿಕ್ಕದು, 1.1ರಿಂದ 1.25 ಮೀಟರ್. ಕಡಲ ಹದ್ದಿನ ರೆಕ್ಕೆ 1.8ರಿಂದ 2.2 ಮೀಟರ್. ನಿಮ್ಮ ಎರಡನೇ ಫೋಟೊದಲ್ಲಿ ಹದ್ದಿನ ಹಿಂದೆಯೇ ಒಂದು ಕಾಗೆ ಹಾರುತ್ತಿದೆ ನೋಡಿ, ಅದರ ರೆಕ್ಕೆಯನ್ನು ಅಳೆದು ಹದ್ದಿನ ರೆಕ್ಕೆಯ ಮೇಲೆ ಇಟ್ಟರೆ ಎರಡು ಕಾಗೆ ಕೂತು ಇನ್ನೂ ಜಾಗ ಉಳಿಯುತ್ತದೆ. ಇಷ್ಟಕ್ಕೇ ಗರುಡ ಆಟದಿಂದ ಹೊರಗೆ ಹೋಯಿತು. ಪಕ್ಕದ ಮನೆಯವರ ತಪ್ಪೇನಿಲ್ಲ ಬಿಡಿ. ಎಳೆಯ ಗರುಡವೂ ಕಂದೇ, ಅದರ ತಲೆಯೂ ಮಾಸಲೇ, ಬಣ್ಣ ಮಾತ್ರ ನೋಡಿದರೆ ಎರಡೂ ಒಂದೇ ಅನ್ನಿಸುತ್ತದೆ.

ಆಮೇಲೆ ಬಾಲ. ನನ್ನ ಕೇಳಿದರೆ ಕರಾವಳಿಯ ಬೇಟೆ ಹಕ್ಕಿಗಳಲ್ಲಿ ಅರ್ಧ ಗುರುತು ಬಾಲದಲ್ಲೇ ಇದೆ. ಕಂದು ಹದ್ದಿಗೆ ಬಾಲದ ತುದಿ ಕವಲು, ಎರಡು ಮೂಲೆ ಚಾಚಿರುತ್ತದೆ. ಆದರೆ ತಿರುಗುವಾಗ ಅದು ಬಾಲವನ್ನು ಅಗಲಿಸುತ್ತದೆ, ಆಗ ಕವಲು ಮಾಯವಾಗಿ ಅಂಚು ನೇರವಾಗಿ ಬಿಡುತ್ತದೆ, ಹಾಗಾಗಿ ಒಂದು ಕ್ಷಣ ನೋಡಿ ತೀರ್ಮಾನಿಸಬೇಡಿ, ಬಾಲ ಮಡಚುವವರೆಗೆ ಕಾಯಿರಿ. ಗರುಡನ ಬಾಲದ ಅಂಚು ಗುಂಡಗೆ. ಕಡಲ ಹದ್ದಿನ ಬಾಲ ಅದರ ಮೈಗೆ ಹೋಲಿಸಿದರೆ ಗಿಡ್ಡ, ನಡುವಿನ ಗರಿಗಳು ಉದ್ದ, ಅಂಚಿನವು ಚಿಕ್ಕವು, ಹಾಗಾಗಿ ತುದಿ ಚೂಪಾಗಿ ತ್ರಿಕೋನದಂತೆ ಕಾಣುತ್ತದೆ. ರೆಕ್ಕೆ ಅಷ್ಟು ಉದ್ದ, ಬಾಲ ಇಷ್ಟು ಗಿಡ್ಡ, ಈ ಲೆಕ್ಕ ತಪ್ಪಿದಂತೆ ಕಾಣುವ ಆಕಾರವೇ ಅದರ ಗುರುತು. ಎಳೆಯದರಲ್ಲಿ ಬಾಲದ ಬುಡ ಬಿಳಿ, ತುದಿಯ ಕಡೆ ಕಂದು. ನಿಮ್ಮ ಫೋಟೊ ಎಷ್ಟೇ ಮಸುಕಾದರೂ ಇದು ಸ್ಪಷ್ಟವಾಗಿದೆ.

ರೆಕ್ಕೆ ಹಿಡಿಯುವ ರೀತಿಯನ್ನೂ ನೋಡಿ. ಕಂದು ಹದ್ದು, ಗರುಡ ಎರಡೂ ತೇಲುವಾಗ ರೆಕ್ಕೆಯನ್ನು ಹೆಚ್ಚುಕಡಿಮೆ ಮಟ್ಟಸವಾಗಿ ಇಡುತ್ತವೆ, ಕೆಲವು ಸಲ ತುದಿ ಸ್ವಲ್ಪ ಬಾಗಿರುತ್ತದೆ. ಕಡಲ ಹದ್ದು ಎರಡೂ ರೆಕ್ಕೆಯನ್ನು ಮೇಲಕ್ಕೆತ್ತಿ, ಅರ್ಧ ತೆರೆದ ಪುಸ್ತಕದ ಹಾಗೆ ಹಿಡಿದು ತೇಲುತ್ತದೆ. ಎದುರಿನಿಂದ ಬರುವಾಗ ಇದು ಚೆನ್ನಾಗಿ ಕಾಣುತ್ತದೆ. ನಿಮಗೆ ಏಳನೇ ಮಹಡಿಯ ಅನುಕೂಲ ಬೇರೆ ಇದೆ, ನೆಲದ ಮೇಲಿರುವ ನಮಗೆ ಸಿಗದ ಕೋನ ನಿಮಗೆ ಬಾಲ್ಕನಿಯಿಂದಲೇ ಸಿಗುತ್ತದೆ.

ಇಷ್ಟೆಲ್ಲ ಹೇಳಿದರೂ, ನನಗೆ ಖಾತ್ರಿಯಾದದ್ದು ನೀವು ಸುಮ್ನೆ ಒಂದು ಸಾಲಿನಲ್ಲಿ ಬರೆದ ಆ ಬಾತುಕೋಳಿ ಕೂಗಿನಿಂದ. ಕಂದು ಹದ್ದಿನದು ನಡುಗುವ ಉದ್ದನೆಯ ಸಿಳ್ಳೆ. ಗರುಡನದು ಕೀರಲು, ಅಳುವಂಥ ದನಿ. ಸರ್ಪ ಗಿಡುಗ ಎತ್ತರದಲ್ಲಿ ಸುತ್ತುತ್ತಾ ಎರಡು ಮೂರು ಸ್ವರದ ಸಿಳ್ಳೆ ಹಾಕುತ್ತದೆ, ಮಣಿಪಾಲ, ಕಾರ್ಕಳದ ಕಡೆಯವರಿಗೆ ಬೆಳಗ್ಗೆ ಹತ್ತು ಗಂಟೆಯ ಹೊತ್ತಿಗೆ ಇದು ಪರಿಚಯದ ಸದ್ದು. ಇವುಗಳ ನಡುವೆ ಮೂಗಿನಿಂದ "ಕ್ಯಾಂಕ್ ಕ್ಯಾಂಕ್" ಅಂತ ಜೋರಾಗಿ ಕೂಗುವ ದೊಡ್ಡ ಬೇಟೆ ಹಕ್ಕಿ ನಮ್ಮ ಕರಾವಳಿಯಲ್ಲಿ ಇದೊಂದೇ. ಇನ್ನೊಮ್ಮೆ ಕೂಗಿದರೆ ಫೋಟೊ ಬಿಡಿ, ವಿಡಿಯೊ ಮಾಡಿ. ಚಿತ್ರ ಮಸುಕಾದರೂ ದನಿ ಸಿಗುತ್ತದೆ.

ಆ್ಯಪ್ ಬಗ್ಗೆ ಒಂದು ಮಾತು. ಅದು ಕೆಟ್ಟದ್ದಲ್ಲ, ನಾನೂ ಬಳಸುತ್ತೇನೆ. ಆದರೆ ಮಸುಕು ಫೋಟೊ ಕೊಟ್ಟರೆ ಅದಕ್ಕೂ ಕಾಣುವುದು ಬಣ್ಣ ಮಾತ್ರ, "ದೊಡ್ಡ ಕಂದು ಹಕ್ಕಿ" ಅಂತ ತಿಳಿದು ಅಂಥದ್ದೊಂದನ್ನು ಹುಡುಕಿ ಕೊಡುತ್ತದೆ. ಸ್ಟೆಪ್ಪಿ ಈಗಲ್ ಚಳಿಗಾಲದಲ್ಲಿ ಭಾರತಕ್ಕೆ ಬರುವುದು ನಿಜ, ಆದರೆ ಅದು ಬಯಲುನಾಡಿನ ಹಕ್ಕಿ, ಮುಖ್ಯವಾಗಿ ಉತ್ತರ ಮತ್ತು ವಾಯವ್ಯ ಭಾರತದಲ್ಲಿ ಕಾಣಸಿಗುತ್ತದೆ. ನಿಮ್ಮ ಮಗನಿಗೆ ಒಂದು ಒಳ್ಳೆ ಪರೀಕ್ಷೆ ಹೇಳುತ್ತೇನೆ: ಕಾಲು ನೋಡಲಿ. ಸ್ಟೆಪ್ಪಿ ಈಗಲ್ ಮತ್ತು ಅದರ ಹತ್ತಿರದ ಬಂಧುಗಳಿಗೆ ಬೆರಳಿನವರೆಗೂ ಕಾಲಿನ ಮೇಲೆ ಪುಕ್ಕ ಇರುತ್ತದೆ. ಕಡಲ ಹದ್ದಿನ ಕಾಲು ಕೆಳಗೆ ಬೋಳು. ನೀರಿನಿಂದ ಮೀನು ಎತ್ತುವ ಹಕ್ಕಿ ಅಲ್ವಾ, ಅಲ್ಲಿ ಪುಕ್ಕ ಇದ್ದರೆ ದಿನವಿಡೀ ಒದ್ದೆ. ನಿಮ್ಮ ಮೊದಲ ಫೋಟೊವನ್ನು ದೊಡ್ಡದು ಮಾಡಿದರೆ ಟ್ಯಾಂಕಿನ ಅಂಚಿನಲ್ಲಿ ಬೋಳು ಕಾಲು ಕಾಣುತ್ತದೆ.

ರಣಹದ್ದು ಅಂದವರಿಗೆ ಉತ್ತರ ಚಿಕ್ಕದು. ರಣಹದ್ದಿನ ತಲೆ, ಕುತ್ತಿಗೆಯಲ್ಲಿ ಪುಕ್ಕ ಕಡಿಮೆ, ಕಾಲಿನಲ್ಲಿ ಬೇಟೆ ಹಿಡಿದು ಹಾರುವ ಅಭ್ಯಾಸವೂ ಇಲ್ಲ. ದನಕ್ಕೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಅನ್ನುವ ನೋವಿನ ಔಷಧ ಸತ್ತ ದನದ ಮಾಂಸದ ಮೂಲಕ ಅವುಗಳ ಮೂತ್ರಪಿಂಡ ಕೆಡಿಸಿ ದೇಶದಲ್ಲೆಲ್ಲ ಅವುಗಳನ್ನು ಮುಗಿಸುತ್ತಾ ಬಂತು, 2006ರಲ್ಲಿ ಜಾನುವಾರುಗಳಿಗೆ ಅದನ್ನು ನಿಷೇಧಿಸಿದರು. ಮಣ್ಣಗುಡ್ಡದಲ್ಲಿ ರಣಹದ್ದು ಕೂತಿದ್ದರೆ ನಾನೇ ಮೊದಲ ಬಸ್ ಹಿಡಿದು ಬರುತ್ತಿದ್ದೆ.

ಇನ್ನೊಂದು ಹಕ್ಕಿಯ ಹೆಸರು ಯಾರೂ ಹೇಳಲಿಲ್ಲ, ಆದರೆ ಹೇಳಬಹುದಿತ್ತು. ಅದು ಆಸ್ಪ್ರೇ. ಸೆಪ್ಟೆಂಬರ್ ನಂತರ ನಮ್ಮ ಅಳಿವೆಗಳಿಗೆ ಬಂದು ಬೇಸಿಗೆಗೆ ಮರಳುವ ಮೀನುಬೇಟೆಗಾರ, ರೆಕ್ಕೆಯೂ ಉದ್ದ. ಆದರೆ ಅದರ ಹೊಟ್ಟೆ ಬಿಳಿ, ಕಣ್ಣಿನ ಮೇಲೆ ಕಪ್ಪು ಪಟ್ಟಿ, ರೆಕ್ಕೆ ಸಪೂರ, ಮಣಿಕಟ್ಟಿನಲ್ಲಿ ಮುರಿದಂತೆ ಬಾಗಿರುತ್ತದೆ. ಬೇಟೆಯೂ ಬೇರೆ ಥರ. ಆಸ್ಪ್ರೇ ಕಾಲು ಮುಂದೆ ಮಾಡಿ ನೀರಿಗೆ ಧುಮುಕುತ್ತದೆ, ಅರ್ಧ ಮೈ ಮುಳುಗುತ್ತದೆ. ಕಡಲ ಹದ್ದು ನೀರಿನ ಮೇಲೆ ಹಾಯುತ್ತಾ ಕಾಲು ಅದ್ದಿ ಎತ್ತಿಕೊಂಡು ಹೋಗುತ್ತದೆ. ಸಾಧ್ಯವಾದರೆ ಆಸ್ಪ್ರೇ, ಗರುಡ ಹಿಡಿದ ಮೀನನ್ನು ಅಟ್ಟಿಸಿಕೊಂಡು ಹೋಗಿ ಕಸಿಯುತ್ತದೆ. ಇನ್ನು ನಿಮ್ಮ ಕಟ್ಟಡದ ಸಜ್ಜಾದ ಕೆಳಗೆ ಹೆಜ್ಜೇನು ಕಟ್ಟಿದ್ದರೆ ಅಲ್ಲಿಗೆ ಬರುವ ದೊಡ್ಡ ಹಕ್ಕಿ ಜೇನು ಗಿಡುಗ, ಉದ್ದ ಕುತ್ತಿಗೆ, ಪಾರಿವಾಳದಂಥ ಚಿಕ್ಕ ತಲೆ, ಅದು ಬರುವುದು ಗೂಡಿನೊಳಗಿನ ಹುಳುಗಳಿಗಾಗಿ. ಅದರಲ್ಲಿ ಒಂದರ ಬಣ್ಣ ಇನ್ನೊಂದಕ್ಕಿರುವುದಿಲ್ಲ, ಅದರ ಕಥೆ ಇನ್ನೊಮ್ಮೆ.

ಸಮುದ್ರದ ಹಕ್ಕಿ ಊರೊಳಗೆ ಯಾಕೆ ಬಂತು ಅಂತ ನಿಮಗೆ ಅನ್ನಿಸಿರಬಹುದು. ನಿಜ ಹೇಳಬೇಕೆಂದರೆ ಅದು ಊರೊಳಗೆ ಬಂದೇ ಇಲ್ಲ. ನಿಮ್ಮ ತಾರಸಿಯಿಂದ ಪಶ್ಚಿಮಕ್ಕೆ ನೋಡಿ. ಸುಲ್ತಾನ್ ಬತ್ತೇರಿ, ಅದರಾಚೆ ಫಲ್ಗುಣಿ ಹೊಳೆ, ಹೊಳೆಯಾಚೆ ತಣ್ಣೀರುಬಾವಿಯ ಕಿರಿದಾದ ಮರಳುಪಟ್ಟಿ, ಮತ್ತೆ ಸಮುದ್ರ. ದಕ್ಷಿಣಕ್ಕೆ ಹೋದರೆ ದಕ್ಕೆ, ಬೆಂಗ್ರೆ, ನೇತ್ರಾವತಿ ಮತ್ತು ಫಲ್ಗುಣಿ ಒಟ್ಟಿಗೆ ಸಮುದ್ರ ಸೇರುವ ಅಳಿವೆ. ಎರಡು ಮೀಟರ್ ರೆಕ್ಕೆಯ ಹಕ್ಕಿಗೆ ಇದೆಲ್ಲ ನಾಲ್ಕು ನಿಮಿಷದ ದಾರಿ. ಅದಕ್ಕೆ ಬೇಕಾದದ್ದು ಮೀನು ಸಿಗುವ ನೀರು, ಆ ನೀರನ್ನು ನೋಡುತ್ತಾ ಕೂರಲು ಎತ್ತರದ ಜಾಗ. ಹಿಂದೆ ಆ ಜಾಗ ಒಂದು ಹಳೆಯ ಮಾವಿನ ಮರವೋ, ಗಾಳಿಮರವೋ ಆಗಿರುತ್ತಿತ್ತು. ಆ ಮರಗಳ ಜಾಗದಲ್ಲಿ ಈಗ ನಿಮ್ಮ ಅಪಾರ್ಟ್‌ಮೆಂಟ್ ಇದೆ, ಮೊಬೈಲ್ ಟವರ್ ಇದೆ. ಅದು ಹೊಂದಿಕೊಂಡಿದೆ, ಅಷ್ಟೇ.

ಆದರೆ ಕೂರುವುದಕ್ಕೆ ಕಾಂಕ್ರೀಟ್ ಸಾಕಾದರೂ ಗೂಡು ಕಟ್ಟಲು ಸಾಮಾನ್ಯವಾಗಿ ದೊಡ್ಡ ಮರವೇ ಬೇಕು. ಕಡ್ಡಿಗಳನ್ನು ಪೇರಿಸಿ ಮಾಡಿದ ಭಾರೀ ಗೂಡು, ಅದೇ ಗೂಡಿಗೆ ವರ್ಷ ವರ್ಷ ಹೊಸ ಕಡ್ಡಿ ಸೇರಿಸುತ್ತಾ ಹೋಗುತ್ತದೆ, ಹಾಗಾಗಿ ಗಟ್ಟಿ ಕೊಂಬೆ ಇಲ್ಲದಿದ್ದರೆ ನಿಲ್ಲುವುದಿಲ್ಲ. ನಮ್ಮ ಕಡೆ ಚಳಿಗಾಲ ಅದರ ಸಂಸಾರದ ಕಾಲ. ಸಾಮಾನ್ಯವಾಗಿ ಎರಡು ಮೊಟ್ಟೆ, ಕಾವು ಸುಮಾರು 40 ದಿನ, ಮರಿ ಗೂಡಿನಲ್ಲಿ ಎರಡು ತಿಂಗಳ ಮೇಲೆ. ಬೆಳೆದ ಮರಿಯನ್ನು ಅಪ್ಪ ಅಮ್ಮ ಕೆಲವು ತಿಂಗಳಲ್ಲಿ ತಮ್ಮ ಜಾಗದಿಂದ ಓಡಿಸುತ್ತವೆ, ಆಮೇಲೆ ಅದು ತನ್ನ ಜಾಗ ಸಿಗುವವರೆಗೆ ಕರಾವಳಿಗುಂಟ ಅಲೆಯುತ್ತದೆ. ನಿಮ್ಮ ಅತಿಥಿ ಸದ್ಯ ಈ ಅಲೆಮಾರಿ ವಯಸ್ಸಿನಲ್ಲಿದೆ. ಎಲ್ಲಿ ಹುಟ್ಟಿತು ಅಂತ ಹೇಳಲಾಗದು. ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪ ಇವುಗಳ ಗೂಡುಗಳಿಗೆ ಹೆಸರಾದ ಜಾಗ, ಆದರೆ ಹಾಗಂತ ಎಲ್ಲ ಮರಿಯೂ ಅಲ್ಲಿಂದಲೇ ಬರಬೇಕೆಂದಿಲ್ಲ.

ಕಾಲಿನಲ್ಲಿ ನೇತಾಡುತ್ತಿದ್ದದ್ದು ನಾಗರಹಾವು ಆಗಿರುವ ಸಾಧ್ಯತೆ ಕಡಿಮೆ. ಹಾವುಮೀನು ಇರಬಹುದು, ಆದರೆ ನನಗೆ ಜಾಸ್ತಿ ಅನುಮಾನ ಕಡಲ ಹಾವಿನ ಮೇಲೆ. ಕಡಲ ಹಾವು ನೀರಿನಲ್ಲೇ ಬದುಕಿದರೂ ಉಸಿರಿಗೆ ಮೇಲೆ ಬರಲೇಬೇಕು, ಆ ಹೊತ್ತಿಗೆ ಈ ಹದ್ದು ಎತ್ತಿಬಿಡುತ್ತದೆ. ಬಲೆಗೆ ಸಿಕ್ಕಿದ್ದನ್ನು ಮೀನುಗಾರರು ವಾಪಸ್ ಎಸೆದಾಗಲೂ ಅದಕ್ಕೆ ಹಬ್ಬ. ಇದು ಅದರ ಇಷ್ಟದ ಊಟ. ಯಾಕೆ ಹೇಳುತ್ತಿದ್ದೇನೆ ಅಂದರೆ, ತಾರಸಿಯಲ್ಲಿ ಅರ್ಧ ತಿಂದ ಹಾವು ಬಿದ್ದಿದ್ದರೆ ಬರಿಗೈಯಲ್ಲಿ ಮುಟ್ಟಬೇಡಿ. ಬಾಲ ಅಕ್ಕಪಕ್ಕದಿಂದ ಒತ್ತಿದಂತೆ ಚಪ್ಪಟೆಯಾಗಿದ್ದರೆ ಅದು ಕಡಲ ಹಾವು, ವಿಷ ಜೋರು, ಸತ್ತ ಹಾವಿನ ಹಲ್ಲೂ ಚುಚ್ಚಬಹುದು. ಸಲಿಕೆಯಲ್ಲಿ ಎತ್ತಿ ಹೂಳಿ. ಹದ್ದಿಗಿಂತ ನಾನು ಹೆದರುವುದು ಇದಕ್ಕೆ, ಅದರಲ್ಲೂ ತಾರಸಿಯಲ್ಲಿ ಮಕ್ಕಳು ಆಡುತ್ತಿದ್ದರೆ.

ಬೆಕ್ಕಿನ ವಿಷಯ. ಈ ಹದ್ದಿನ ತೂಕ ಎರಡರಿಂದ ನಾಲ್ಕು ಕಿಲೊ, ಹೆಣ್ಣು ಗಂಡಿಗಿಂತ ದೊಡ್ಡದು. ತನ್ನಷ್ಟೇ ಭಾರದ ಬೆಕ್ಕನ್ನು ಎತ್ತಿಕೊಂಡು ಹೋಗಲು ಅದಕ್ಕೆ ಆಗುವುದಿಲ್ಲ, ಪ್ರಯತ್ನಿಸುವ ಮನಸ್ಸೂ ಸಾಮಾನ್ಯವಾಗಿ ಇರುವುದಿಲ್ಲ, ಯಾಕೆಂದರೆ ಹೊಳೆಯಲ್ಲಿ ಮೀನು ಸುಲಭ. ಕೈಯಗಲದ ಬೆಕ್ಕಿನ ಮರಿಯನ್ನೋ ಕೋಳಿಮರಿಯನ್ನೋ ತೆರೆದ ತಾರಸಿಯಲ್ಲಿ ಒಂಟಿಯಾಗಿ ಬಿಡಬೇಡಿ, ಈ ಮಾತು ಹದ್ದು ಬರುವ ಮೊದಲೂ ನಿಜವೇ, ಕಾಗೆಗೂ ಅನ್ವಯಿಸುತ್ತದೆ. ಮಕ್ಕಳ ಬಗ್ಗೆ ಚಿಂತೆಯೇ ಬೇಡ. ಮನುಷ್ಯರ ತಲೆಗೆ ಎರಗುವ ದೂರು ಬರುವುದು ಜಾಸ್ತಿ ಕಂದು ಹದ್ದಿನ ಮೇಲೆ, ಅದೂ ಗೂಡಿನಲ್ಲಿ ಮರಿ ಇರುವಾಗ.

ಪಕ್ಕದ ಮನೆಯವರಿಗೆ ಬೇಸರ ಆಗದಿರಲಿ ಅಂತ ಗರುಡನ ಬಗ್ಗೆಯೂ ಹೇಳುತ್ತೇನೆ. ಬ್ರಹ್ಮಕಲಶದ ಹೊತ್ತಿಗೆ ದೇವಸ್ಥಾನದ ಮೇಲೆ ಗರುಡ ಸುತ್ತು ಹಾಕಿದರೆ ಶುಭ ಅಂತ ನಮ್ಮ ಜನ ನಂಬುತ್ತಾರೆ, ಎಲ್ಲರೂ ಕತ್ತೆತ್ತಿ ಕೈಮುಗಿಯುತ್ತಾರೆ. ನೆಲ ಕಾದು ಬಿಸಿಗಾಳಿ ಮೇಲೇಳುವ ಹೊತ್ತೂ ಅದೇ, ಕರಾವಳಿಯಲ್ಲಿ ಗರುಡಗಳಿಗೆ ಬರವೂ ಇಲ್ಲ, ಹಾಗಾಗಿ ಸುತ್ತು ಹಾಕಿಯೇ ಹಾಕುತ್ತದೆ. ನಾನು ಈ ವಿಷಯದಲ್ಲಿ ವಾದಕ್ಕೆ ಹೋಗುವುದಿಲ್ಲ. ಒಂದು ಹಕ್ಕಿಗೆ ಕಲ್ಲು ಹೊಡೆಯದೆ ಕೈಮುಗಿಯುವ ಊರು ನನಗೆ ಇಷ್ಟ. ಆ ಗೌರವದಲ್ಲಿ ಸ್ವಲ್ಪ ಈ ಕಂದು ಹಕ್ಕಿಗೂ ಸಿಕ್ಕರೆ ಸಾಕು.

ಮಗನಿಗೆ ಬೆಳೆದ ಹದ್ದನ್ನು ತೋರಿಸಬೇಕಿದ್ದರೆ ಭಾನುವಾರ ಬೆಳಗ್ಗೆ ಒಂಬತ್ತರ ಹೊತ್ತಿಗೆ ಸುಲ್ತಾನ್ ಬತ್ತೇರಿಯಿಂದ ದೋಣಿಯಲ್ಲಿ ತಣ್ಣೀರುಬಾವಿಗೆ ದಾಟಿ. ಉಡುಪಿ ಕಡೆ ಹೋಗುವುದಿದ್ದರೆ ಸ್ವರ್ಣಾ, ಸೀತಾ ನದಿಗಳು ಸಮುದ್ರ ಸೇರುವ ಕೋಡಿಬೆಂಗ್ರೆ ಒಳ್ಳೆ ಜಾಗ. ದಡದಲ್ಲಿ ಕೈರಂಪಣಿ (ದಡದಿಂದ ಕೈಯಲ್ಲೇ ಎಳೆಯುವ ದೊಡ್ಡ ಬಲೆ) ಎಳೆಯುತ್ತಿದ್ದರೆ ಇನ್ನೂ ಒಳ್ಳೆಯದು, ಬಲೆ ಹತ್ತಿರ ಬರುತ್ತಿದ್ದಂತೆ ಗರುಡ, ಕಂದು ಹದ್ದು ಎರಡೂ ತಲೆ ಮೇಲೆ ಸೇರುತ್ತವೆ, ಬಾಲ ಹೋಲಿಸಿ ಕಲಿಯಲು ಅದಕ್ಕಿಂತ ಒಳ್ಳೆ ತರಗತಿ ಇಲ್ಲ. ಅದೃಷ್ಟ ಇದ್ದರೆ ಬಿಳಿ ಹೊಟ್ಟೆಯದೂ ಬರುತ್ತದೆ. ಜೂನ್, ಜುಲೈ ಬೇಡ, ಮೀನುಗಾರಿಕೆ ರಜೆ, ಮಳೆ ಬೇರೆ.

ಕೊನೆಗೆ ಪಟಾಕಿ. ಬೇಡ ಅಂತ ಅಸೋಸಿಯೇಷನ್‌ನವರಿಗೆ ಖಂಡಿತವಾಗಿ ಹೇಳಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇರುವ ಹಕ್ಕಿ ಇದು, ಗಾಯ ಮಾಡಿದರೆ, ಹಿಡಿದರೆ, ಗೂಡು ಕೆಡವಿದರೆ ಕೇಸ್ ಆಗುತ್ತದೆ. ಅದೂ ಅಲ್ಲದೆ ಪಟಾಕಿ ಕೆಲಸಕ್ಕೂ ಬರುವುದಿಲ್ಲ, ಎರಡು ದಿನ ಹೋಗಿ ಮೂರನೇ ದಿನ ಬರುತ್ತದೆ, ಅಷ್ಟರಲ್ಲಿ ನಿಮ್ಮ ಬೆಕ್ಕು ಮಂಚದ ಅಡಿ ಸೇರಿರುತ್ತದೆ. ಅವರ ನಿಜವಾದ ತೊಂದರೆ ನೀರು ಕೆಡುವುದು, ಅದು ನ್ಯಾಯವಾದ ತೊಂದರೆಯೇ. ಅದಕ್ಕೆ ಟ್ಯಾಂಕಿನ ಮುಚ್ಚಳ ಬಿಗಿಯಾಗಿ ಕೂರುತ್ತದೆಯಾ ನೋಡಿ, ಗಾಳಿ ಕೊಳವೆಯ ಬಾಯಿಗೆ ಜಾಲರಿ ಹಾಕಿಸಿ, ವಾರಕ್ಕೊಮ್ಮೆ ಮೇಲಿನ ಮುಳ್ಳು, ಹಿಕ್ಕೆ ತೊಳೆಸಿ. ಅದು ಅಲ್ಲಿ ಕೂರುವುದೇ ಬೇಡ ಅನ್ನುವುದಾದರೆ ಟ್ಯಾಂಕಿನ ಪಕ್ಕದಲ್ಲೇ, ಟ್ಯಾಂಕಿಗಿಂತ ನಾಲ್ಕಡಿ ಎತ್ತರಕ್ಕೆ ಒಂದು ಕಬ್ಬಿಣದ ಕಂಬ ನಿಲ್ಲಿಸಿ ಮೇಲೆ ಅಡ್ಡ ಮರದ ತುಂಡು ಕಟ್ಟಿ, ಕಂಬ ತಾರಸಿಯ ಖಾಲಿ ಜಾಗದ ಕಡೆ ಇರಲಿ. ಹದ್ದುಗಳಿಗೆ ಎಲ್ಲಕ್ಕಿಂತ ಎತ್ತರದ ಜಾಗವೇ ಬೇಕು, ಹೆಚ್ಚಾಗಿ ಅಲ್ಲಿಗೇ ಹೋಗಿ ಕೂರುತ್ತದೆ, ಮುಳ್ಳು ಟ್ಯಾಂಕ್ ಮೇಲೆ ಬೀಳುವ ಬದಲು ನೆಲಕ್ಕೆ ಬೀಳುತ್ತದೆ. ಕಂಬಕ್ಕೆ ವಿದ್ಯುತ್ ತಂತಿ, ಡಿಶ್ ಕೇಬಲ್ ಯಾವುದೂ ತಾಗದಂತೆ ನೋಡಿಕೊಳ್ಳಿ.